ಬಡಗಣ ದಿಬ್ಬದ ಏಳನೆಯ ಮನೆ

ಕಮಲಾಪುರ ದಾಟಿ ಬಡಗಣ ದಿಕ್ಕಿಗೆ ಹೋದರೆ ಮೊದಲು ಬಾಳೆಯ ತೋಟಗಳು ಮುಗಿಯುತ್ತವೆ, ಆಮೇಲೆ ಕರಿಯ ನೆಲ ಮುಗಿಯುತ್ತದೆ. ಮುಂದೆ ಕೆಂಪು ಕಲ್ಲಿನ ದಿಬ್ಬ, ಮುಳ್ಳುಗಿಡ, ಗಾಳಿ. ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳಿಸದು. ಜನಗಣತಿಯಲ್ಲಿ ಯಾರೂ ಒಪ್ಪದ ಆ ಭಾಗವನ್ನು ಜಗದೇವಪ್ಪ ಮಾಸ್ತರರು ತಾವೇ ಕೇಳಿ ಪಡೆದಿದ್ದರು. ಹೆಂಡತಿ ಶಾರದಾಬಾಯಿ ಲಿಂಗೈಕ್ಯಳಾಗಿ ಮೂರು ತಿಂಗಳು. ಕಲಬುರಗಿಯ ಖೂಬಾ ಪ್ಲಾಟಿನ ಮನೆಯಲ್ಲಿ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮೇಲಾಗಿ ಒಂದು ಸುಳ್ಳು ಎದೆಗೆ ಚುಚ್ಚುತ್ತಿತ್ತು. ಹಿಂದಿನ ದಿನ ಅವರ ಓಣಿಯನ್ನು ಎಣಿಸಲು ಬಂದ ಪಂಚಶೀಲಾ ಟೀಚರ್ "ಮನ್ಯಾಗ ಎಷ್ಟ ಮಂದಿ, ಸರ್?" ಎಂದಾಗ ನಾಲಗೆ ತಾನಾಗಿ "ಇಬ್ಬರು" ಎಂದಿತ್ತು. ತಿದ್ದಿಸಲು ಇಂದೇ ಕೊನೆ. ತಿದ್ದಿಸಿದರೆ ಶಾರದಾಬಾಯಿ ಲೆಕ್ಕದಿಂದಲೂ ಹೋದಂತೆ.

ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಅಮೀರ್ ಅವರ ಕೈಗೆ ಎರಡು ಟಿಕೆಟ್ ಇಟ್ಟಿದ್ದ. ಒಂದು ಅವರದು, ಇನ್ನೊಂದು ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್. ಗದ್ದಲದಲ್ಲಿ ತಪ್ಪಿರಬೇಕೆಂದು ಅವರು ಜೇಬಿಗೆ ಹಾಕಿಕೊಂಡಿದ್ದರು.

ಏಳನೆಯ ಮನೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಮುದುಕಿ ಬಂಡೆಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿದಳು.

"ಬರ್ರಿ ಮಾಸ್ತರ. ತಲಿ ಎಣಸಾಕ ಇಷ್ಟ ದೂರ ಬಂದೀರಿ? ಇಲ್ಲಿ ತಲಿಗಿಂತ ಕಲ್ಲ ಭಾಳ ಅದಾವ."

"ಮನ್ಯಾಗ ಯಾರ್ಯಾರ ಇರ್ತೀರಿ, ಆಯಿ?"

"ನಾ ಒಬ್ಬಾಕಿನ. ನನ್ನ ಗಂಡ ಯಂಕಪ್ಪ ಹೋಗಿ ಹನ್ನೊಂದ ವರ್ಷ ಆತು. ಅವನ್ನೂ ಬರಕೊಂಡೀರಿ ಮತ್ತ, ರೊಟ್ಟಿಗಿ ಬಂದ ಕುಂತಾನು!" ಎಂದು ನಗುತ್ತ ಒಳಗೆ ಹೋದಳು.

ಮೂರು ಬಟ್ಟಲು ಚಹಾ ತಂದಳು. ಒಂದು ಅವರಿಗೆ, ಒಂದು ತನಗೆ. ಮೂರನೆಯದನ್ನು ಅವರ ಪಕ್ಕದಲ್ಲಿ, ಖಾಲಿ ಕಂಬಳಿಯ ಮುಂದೆ ಇಟ್ಟಳು.

"ಇದು ಯಾರಿಗೆ?"

"ನಿಮ್ಮ ಸಂಗಟ ಬಂದ ಅಕ್ಕಾರಿಗಿ. ಪಾಪ, ಬರಿಗಾಲಿಲೆ ದಿಬ್ಬ ಏರ್ಯಾರ. ಹಣಿ ತುಂಬ ವಿಭೂತಿ."

ಮಾಸ್ತರರು ಬಾಯಿಗೊಯ್ದ ಬಟ್ಟಲನ್ನು ಕೆಳಗಿಟ್ಟರು. ಮಣ್ಣು ಮಾಡಿದ ದಿನ ಆ ಹಣೆಗೆ ವಿಭೂತಿ ಬಳಿದವರು ಅವರೇ.

"ಏನಂತಾಳ?" ಎಂದರು, ತಿರುಗಿ ನೋಡುವ ಧೈರ್ಯವಾಗದೆ.

"ಮಾತಾಡವಲ್ರು. ನಿಮ್ಮ ಮಾರಿನ ನೋಡಾಕತ್ತಾರ." ಮುದುಕಿ ಈಗ ನಗಲಿಲ್ಲ. "ಅವರ ಹೆಸರ ಎಲ್ಲರೆ ಬರಸೀರೇನ್ರಿ? ಬರಸಿದ್ರ ಹೆಂಗ ಹೋಗ್ಬೇಕು ಅವರು? ಅಳಸ್ರಿ, ಮಾಸ್ತರ. ದಣದಾರ."

ಮೊಬೈಲಿಗೆ ಸಿಗ್ನಲ್ ಬೇಕೆಂದು ಅವರು ಮನೆಯ ಹಿಂದಿನ ಬಂಡೆ ಹತ್ತಿದರು. ಸುತ್ತ ಕಣ್ಣಿಗೆ ಬೀಳುವಷ್ಟು ನೆಲದಲ್ಲಿ ಒಂದು ನರಪಿಳ್ಳೆ ಇಲ್ಲ. ಆದರೂ ಬೆನ್ನ ಹಿಂದೆ ಸಣ್ಣ ಕಲ್ಲುಗಳು ಜಾರುತ್ತಿದ್ದವು, ಯಾರೋ ನಿಧಾನವಾಗಿ ಏರುತ್ತಿರುವಂತೆ.

"ಪಂಚಶೀಲಾ, ನಮ್ಮ ಮನಿ ಲೆಕ್ಕ ತಿದ್ದವಾ. ನಾ ಒಬ್ಬನ ಇರೋದು."

"ನಿನ್ನಿ ಇಬ್ರು ಅಂದ್ರಲ್ರೀ, ಸರ್?"

"ಸುಳ್ಳ ಹೇಳಿದ್ದೆ, ತಾಯಿ."

ಕಲ್ಲುಗಳ ಸದ್ದು ನಿಂತಿತು.

ಅವರು ಕೆಳಗಿಳಿದು ಬಂದಾಗ ಮೂರನೆಯ ಬಟ್ಟಲು ಖಾಲಿಯಾಗಿ ಕಟ್ಟೆಯ ಮೇಲೆ ಬೋರಲಾಗಿತ್ತು. ಚಹಾ ಕುಡಿದು ಬಟ್ಟಲನ್ನು ಹಾಗೆ ಬೋರಲು ಹಾಕುವುದು ಶಾರದಾಬಾಯಿಯ ರೂಢಿ. ಮಾಸ್ತರರು ಕೊರಳ ಲಿಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಗಣತಿಯ ಪಟ್ಟಿಯಲ್ಲಿ ಏಳನೆಯ ಮನೆಯ ಮುಂದೆ 'ಒಬ್ಬರು' ಎಂದು ನಮೂದಿಸಿದರು.

ಮರಳುವಾಗಲೂ ಅಮೀರನ ಬಸ್ಸೇ ಸಿಕ್ಕಿತು. ಅವನು ಈ ಸಲ ಒಂದೇ ಟಿಕೆಟ್ ಹರಿದು, ಅವರ ಹಿಂದೆ ಇಣುಕಿ ನೋಡಿದ.

"ಅಮ್ಮಾರು ಬರ್ಲಿಲ್ರೀ, ಮಾಸ್ತರ?"

"ಇಲ್ಲಪಾ. ಆಕಿ ಮುಂದ ಹ್ವಾದ್ಲು."

ಕಿಟಕಿ ಬದಿಯ ಜಾಗವನ್ನು ಬಿಟ್ಟು ಕೂತಿದ್ದ ಅವರು, ಕಮಲಾಪುರ ಬಂದಾಗ ಮೆಲ್ಲನೆ ಆ ಕಡೆಗೆ ಸರಿದರು.