ಹುಟ್ಟಿದ ಸ್ಥಳ: ಕ್ಯಾಂಪ್ ನಂ. 3

ನಮ್ಮ ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಎಂದರೆ ಊರು. ಕಾಲುವೆಗೆ ನೀರು ಬಂದಾಗ ಆಂಧ್ರದ ಕಡೆಯ ರೈತರು ಬಂದು ಭೂಮಿ ಕೊಂಡು, ಗದ್ದೆ ಮಾಡಿ, ಅಲ್ಲೇ ನಾಲ್ಕು ಮನೆ ಕಟ್ಟಿಕೊಂಡರು. ಅದಕ್ಕೆ ಯಜಮಾನನ ಹೆಸರು ಹಚ್ಚಿ ಸುಬ್ಬರಾವ್ ಕ್ಯಾಂಪ್ ಎಂದೋ ಮತ್ತೊಂದು ಕ್ಯಾಂಪ್ ಎಂದೋ ಕರೆದೆವು. ಆಮೇಲೆ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಲಿಗಳನ್ನು ಸರ್ಕಾರ ಇಲ್ಲಿಗೆ ತಂದು ನೆಲೆಗೊಳಿಸಿತು. ಅವೂ ಕ್ಯಾಂಪುಗಳೇ. ಅಲ್ಲಿ ಯಜಮಾನ ಇರಲಿಲ್ಲವಾದ್ದರಿಂದ ನಂಬರು ಕೊಟ್ಟರು. ಬಸ್ಸಿನ ಕಂಡಕ್ಟರ್ ಕೂಡ ಇಲ್ಲಿ "ಯಾವ ಕ್ಯಾಂಪ್?" ಎಂದೇ ಕೇಳುತ್ತಾನೆ. ಇದು ಬೆಂಗಳೂರಿನ ಪೊಲೀಸರಿಗೆ ಗೊತ್ತಿರಬೇಕೆಂದು ನಾನು ಹೇಳುವುದಿಲ್ಲ. ಆದರೆ ಮೂವತ್ತೈದು ವರ್ಷದಿಂದ ಸಿಂಧನೂರಿನಲ್ಲಿ ಅರ್ಜಿ ಬರೆದು ಹೊಟ್ಟೆ ಹೊರೆಯುತ್ತಿರುವ ಈ ಹನುಮಂತರಾಯನಿಗಾದರೂ ಗೊತ್ತಿರಬೇಕಿತ್ತು.

ದಾವಲ್‌ಬೀ ಬಂದ ದಿನ ನಾನು ಮೇಜು ಹಾಕಿಕೊಂಡು ಕೂರುವ ಬೇವಿನ ಗಿಡದ ಕೆಳಗೆ ಗಾಯೇನ್ ಕೂತಿದ್ದ. ಮೂರನೇ ನಂಬರಿನ ಬಂಗಾಲಿ ಕ್ಯಾಂಪಿನ ಮುದುಕ. ಐದು ವರ್ಷದವನಿದ್ದಾಗ ಅಪ್ಪನ ಹೆಗಲೇರಿ ಗಡಿ ದಾಟಿದವನು. ಹೊಸ ಕಾನೂನಿನಂತೆ ಪೌರತ್ವಕ್ಕೆ ಅರ್ಜಿ ಹಾಕಲು ಬಂದಿದ್ದ.

"ಐವತ್ತು ವರ್ಷ ಇಲ್ಲಿಯವ, ಇಲ್ಲಿಯವ ಅಂತ ಬಾಯಿ ಬಡ್ಕೊಂಡೀನಿ ರಾಯರ. ಈಗ ಅಲ್ಲಿಯವ ಅಂತ ಬರದು ಕೊಟ್ರ ಇಲ್ಲಿಯವ ಆಗ್ತೀನಂತ," ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ದಾವಲ್‌ಬೀ ಮಸ್ಕಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಹೆಂಗಸು. ಅವಳ ಗಂಡ ರಾಜೇಸಾಬ್ ಸುಬ್ಬರಾವ್ ಕ್ಯಾಂಪಿನ ಗದ್ದೆಗಳಲ್ಲಿ ದುಡಿದು, ಅಲ್ಲೇ ತೀರಿಕೊಂಡವನು. ಅವಳು ಕೂರಲಿಲ್ಲ. ಎದೆಗೆ ಅವುಚಿಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲಿಟ್ಟಳು.

"ಅಣ್ಣಾರ, ಜಬೀನ ಹಿಡಕೊಂಡು ಹೋಗ್ಯಾರ್ರಿ. ಬಾಂಗ್ಲಾದವ ಅಂತಾರ್ರಿ."

ಜಬೀವುಲ್ಲಾ ಅವಳ ಒಬ್ಬನೇ ಮಗ. ಬೆಂಗಳೂರಿನಲ್ಲಿ ಟೈಲ್ಸ್ ಕೂರಿಸುವ ಕೆಲಸ. ಶೆಡ್ಡುಗಳ ತಪಾಸಣೆಗೆ ಬಂದ ಪೊಲೀಸರು ಊರು ಯಾವುದೆಂದು ಕೇಳಿದ್ದಾರೆ. ಅವನು ನಮ್ಮ ಬಸ್ಸಿನಲ್ಲಿ ಹೇಳುವ ಹಾಗೆ "ಸಿಂಧನೂರು ಕ್ಯಾಂಪ್" ಎಂದಿದ್ದಾನೆ. ಒಬ್ಬ ಪೊಲೀಸ್ ಮೊಬೈಲಿನಲ್ಲಿ ಅದನ್ನೇ ಹುಡುಕಿದ್ದಾನೆ. ಬಾಂಗ್ಲಾ ನಿರಾಶ್ರಿತರು ಎಂದು ಬಂದಿದೆ. ಹೆಸರು ನೋಡಿದರೆ ಜಬೀವುಲ್ಲಾ. ಅಷ್ಟು ಸಾಕಾಯಿತು. ಅವನನ್ನು ವಿದೇಶಿಯರನ್ನು ಇಡುವ ಕೇಂದ್ರಕ್ಕೆ ಹಾಕಿ, ಮೂವತ್ತು ದಿನದೊಳಗೆ ರುಜುವಾತಾಗದಿದ್ದರೆ ಗಡಿಯಾಚೆ ಕಳಿಸುತ್ತೇವೆ ಎಂದು ಕಾಗದ ಕಳಿಸಿದ್ದರು. ದಾವಲ್‌ಬೀಗೆ ಓದಲು ಬರದು. ಕಾಗದ ಊರೂರು ಅಲೆದು ಅವಳ ಕೈಗೆ ಸಿಗುವಷ್ಟರಲ್ಲಿ ಹತ್ತೊಂಬತ್ತು ದಿನ ಕಳೆದಿದ್ದವು. ಉಳಿದದ್ದು ಹನ್ನೊಂದು.

"ಆಧಾರ್ ತೋರಿಸ್ಯಾನಂತ್ರಿ ಅಣ್ಣಾರ."

"ಆಧಾರ್ ನೀ ಇದ್ದೀ ಅನ್ನಾಕ ಸಾಕ್ಷಿ ಯವ್ವ, ಇಲ್ಲಿಯವ ಅನ್ನಾಕ ಅಲ್ಲ."

ನನಗೆ ಕಾನೂನು ಗೊತ್ತು. ಅದೇ ನನ್ನ ಸೊಕ್ಕು. ಅವಳಿಗೆ ಬಿಡಿಸಿ ಹೇಳಿದೆ. ಕಳ್ಳ ಎಂದು ಹಿಡಿದರೆ ಕದ್ದದ್ದನ್ನು ಪೊಲೀಸರು ತೋರಿಸಬೇಕು. ವಿದೇಶಿ ಎಂದು ಹಿಡಿದರೆ, ಅಲ್ಲ ಎಂಬುದನ್ನು ಸಿಕ್ಕಿಬಿದ್ದವನೇ ತೋರಿಸಬೇಕು. ಜಬೀವುಲ್ಲಾ ಹುಟ್ಟಿದ್ದು ತೊಂಬತ್ತಾರರಲ್ಲಿ. ಎಂಬತ್ತೇಳರ ಜುಲೈಗಿಂತ ಮುಂಚೆ ಹುಟ್ಟಿದ್ದರೆ ಇಲ್ಲಿ ಹುಟ್ಟಿದ್ದೊಂದೇ ಸಾಕಿತ್ತು. ಅವನಿಗೆ ಅದು ಸಾಲದು, ತಂದೆ ತಾಯಿಯಲ್ಲಿ ಒಬ್ಬರಾದರೂ ಈ ದೇಶದವರೆಂದು ತೋರಿಸಬೇಕು. ತಾಯಿ ಹುಟ್ಟಿದ್ದು ಎಪ್ಪತ್ನಾಲ್ಕರಲ್ಲಿ, ಸಂತೆಕಲ್ಲೂರಿನಲ್ಲಿ. ಅದಕ್ಕೆ ಒಂದು ಚೂರು ಕಾಗದ ಸಿಕ್ಕರೆ ಮಗ ಬಿಡುಗಡೆ.

ಅವಳು ಗಾಯೇನ್ ಕಡೆ ನೋಡಿದಳು. "ಇವರಿಗೆ ಹಾಕ್ತೀರಲ್ರಿ, ಅದ ಅರ್ಜಿ ನಮಗೂ ಹಾಕ್ರಿ."

"ಅದರಾಗ ಆರು ಧರ್ಮದ ಹೆಸರು ಅದಾವ. ನಿಮ್ಮದಿಲ್ಲ. ಮತ್ತ ಅದು ಹೊರಗಿನಿಂದ ಬಂದೋರಿಗೆ."

"ನಾವು ಎಲ್ಲಿಂದನೂ ಬಂದಿಲ್ಲಲ್ರಿ."

"ಅದಕ್ಕ ಯಾವ ಫಾರಂ ಇಲ್ಲ," ಎಂದೆ. ಗಾಯೇನ್ ತಲೆ ತಗ್ಗಿಸಿದ.

ಆಮೇಲೆ ಚೀಲ ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ಲ್ಯಾಮಿನೇಷನ್ ಮಾಡಿಸಿದ ಜಬೀವುಲ್ಲಾನ ಜನನ ಪ್ರಮಾಣಪತ್ರವಿತ್ತು. ಅದನ್ನು ಅವಳು ಸೆರಗಿನಿಂದ ಒರೆಸಿ ಕೊಟ್ಟಳು. "ಇದರ ಫೋಟೋ ಮೊದಲ ಬೆಂಗಳೂರಿಗೆ ಕಳಿಸೀನ್ರಿ. ಗಟ್ಟಿ ಕಾಗದ ಇದು ಒಂದ."

ಹುಟ್ಟಿದ ಸ್ಥಳ ಎಂಬಲ್ಲಿ ಹೀಗಿತ್ತು: ನಿರಾಶ್ರಿತರ ಪುನರ್ವಸತಿ ಕ್ಯಾಂಪ್ ನಂ. 3, ತಾ. ಸಿಂಧನೂರು.

ನನ್ನ ಕೋಪ ನೆತ್ತಿಗೇರಿತು. "ಯಾವ ಕಣ್ಣಿಲ್ಲದ ನನಮಗ ಬರದಾನ ಇದನ್ನ?" ಎಂದೆ.

ದಾವಲ್‌ಬೀ ಗಾಬರಿಯಾದಳು. "ಹಂಗ್ಯಾಕ ಅಂತೀರಿ? ನೀವ ಬರದೀರಲ್ರಿ. ಅದಕ್ಕ ನಿಮ್ಮತ್ರ ಬಂದೀನಿ." ಚೀಲದ ತಳದಿಂದ ಹಳೆಯ ಅಫಿಡವಿಟ್ಟಿನ ಜೆರಾಕ್ಸ್ ತೆಗೆದಳು. ಕೆಳಗೆ ನನ್ನ ಮೊಹರಿತ್ತು, ನನ್ನ ಹೆಸರಿತ್ತು, ಮೊಬೈಲ್ ನಂಬರಿತ್ತು. ಅಕ್ಷರ ಬಾರದ ಅವಳು ಆ ದುಂಡನೆಯ ಮೊಹರಿನ ಗುರುತು ಹಿಡಿದೇ ಬಂದಿದ್ದಳು.

ಹದಿನಾಲ್ಕು ವರ್ಷದ ಹಿಂದೆ, ಹುಡುಗನ ಹತ್ತನೇ ಕ್ಲಾಸಿನ ಪರೀಕ್ಷೆಗೆಂದು ಬರೆದುಕೊಟ್ಟದ್ದು. ಆ ತಿಂಗಳು ಬಂಗಾಲಿ ಕ್ಯಾಂಪಿನವರ ಕಾಗದಗಳು ರಾಶಿ ರಾಶಿ ಬಂದಿದ್ದವು. ಕಂಪ್ಯೂಟರಿನಲ್ಲಿ ಒಂದು ಅಚ್ಚು ಮಾಡಿಟ್ಟುಕೊಂಡು ಹೆಸರು, ವಯಸ್ಸು ಬದಲಿಸಿ ತೆಗೆಯುತ್ತಿದ್ದೆ. ರಾಜೇಸಾಬ್ ಬಂದು "ಕ್ಯಾಂಪಿನ್ಯಾಗ ಹುಟ್ಯಾನ್ರಿ" ಎಂದಿರಬೇಕು. ಯಾವ ಕ್ಯಾಂಪ್ ಎಂದು ನಾನು ಕೇಳಲಿಲ್ಲ. ಬಸ್ಸಿನ ಕಂಡಕ್ಟರ್ ಕೇಳುವಷ್ಟನ್ನೂ ಕೇಳಲಿಲ್ಲ. ಆ ಅಫಿಡವಿಟ್ಟಿನ ಮೇಲೆಯೇ ಪ್ರಮಾಣಪತ್ರ ಆಯಿತು.

ಇದನ್ನು ಅವಳಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಸುಳ್ಳು ಅಫಿಡವಿಟ್ ಬರೆದವನೆಂದು ಕೇಸು ಬಿದ್ದರೆ? ಹನುಮಂತರಾಯನ ಕಾಗದ ಎಂದರೆ ಕಲ್ಲಿನ ಮೇಲಿನ ಗೆರೆ ಎನ್ನುವ ಜನ ನಾಳೆ ಏನೆಂದಾರು? ನಾಚಿಕೆಗೇಡು, ಆದರೆ ಆ ಹೊತ್ತಿಗೆ ನನಗೆ ನನ್ನ ಹೆಸರಿನದೇ ಚಿಂತೆಯಾಯಿತು. ತಾಯಿಯ ಶಾಲೆಯ ದಾಖಲೆ ಸಿಕ್ಕರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ.

"ನಡಿಯವ್ವ, ನಿನ್ನ ಸಾಲಿ ದಾಖಲಿ ಹುಡುಕೋಣ," ಎಂದೆ.

ನಾಲ್ಕು ದಿನ ತಿರುಗಿದೆವು. ಸಂತೆಕಲ್ಲೂರಿಗೆ ಹೋದರೆ ಹಳೆಯ ರಿಜಿಸ್ಟರುಗಳು ಲಿಂಗಸುಗೂರಿಗೆ ಹೋಗಿವೆ ಎಂದರು. ಲಿಂಗಸುಗೂರಿನಲ್ಲಿ ಒಂದು ದಿನ ಬೀಗದ ಕೈ ಸಿಗಲಿಲ್ಲ, ಮರುದಿನ ಬೀಗ ತೆಗೆದರೆ ಗೆದ್ದಲು. ನಾಲ್ಕನೆಯ ದಿನ ಸಿಕ್ಕಿತು: ದಾವಲಬಿ, ತಂದೆ ಇಮಾಮ್‌ಸಾಬ, ಎರಡನೇ ತರಗತಿ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನಾನಾ?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ಎರಡೇ ವರ್ಷ ಕಲಿತ ಶಾಲೆ ತನ್ನನ್ನು ನೆನಪಿಟ್ಟಿದೆ ಎಂದು ಅವಳಿಗೆ ಹಿಗ್ಗು.

ಅದರ ಫೋಟೋ ತೆಗೆದು ಬೆಂಗಳೂರಿನ ಪೊಲೀಸರಿಗೆ ಕಳಿಸಿದೆವು. ಸಂಜೆಯೊಳಗೆ ಫೋನು ಬಂತು. ಈ ಹೆಂಗಸು ಸಂತೆಕಲ್ಲೂರಿನವಳು, ಸರಿ. ಆದರೆ ಅವನು ಹುಟ್ಟಿದ್ದು ನಿರಾಶ್ರಿತರ ಕ್ಯಾಂಪಿನಲ್ಲಿ. ಇವಳೇ ಅವನ ತಾಯಿ ಎಂದು ಹೇಗೆ ನಂಬುವುದು? ಮೊದಲು ಆ ಪ್ರಮಾಣಪತ್ರ ಸರಿಪಡಿಸಿ ಕಳಿಸಿ.

ಇನ್ನು ಏಳು ದಿನ. ಬೇವಿನ ಗಿಡದ ಕೆಳಗೆ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಮಾತು ಕೇಳಿದಳು.

"ಮೊದಲನೇ ದಿನಾನ ಗೊತ್ತಾಗಿತ್ತೇನು ನಿನಗ?"

ಅವಳ ಮಾತಿನಿಂದ ಅಣ್ಣಾರ ಹೋಗಿತ್ತು. ರೀ ಹೋಗಿತ್ತು. ಹೌದು ಎಂದೆ.

ತಪ್ಪು ತಿದ್ದಲು ಸಂಗತಿ ಬಲ್ಲ ಇಬ್ಬರು ನಂಬಿಕಸ್ಥರು ಬರೆದುಕೊಡಬೇಕು. ತಪ್ಪು ನನ್ನದೇ ಎಂದು ನಾನು ಬರೆದು ಸಹಿ ಹಾಕಿದೆ. ನಂಬಿಕಸ್ಥ ಎಂಬ ಶಬ್ದದ ಕೆಳಗೆ. ಎರಡನೆಯವನಾಗಿ ಗಾಯೇನ್ ತಾನೇ ಎದ್ದು ಬಂದ. "ನಮ್ಮ ಕ್ಯಾಂಪಿನ್ಯಾಗ ಜಬೀವುಲ್ಲಾ ಅನ್ನಾಂವ ಹುಟ್ಟಿಲ್ಲ ಅಂತ ನಾ ಹೇಳ್ತೀನ್ರಿ. ಹುಟ್ಟಿದ ಒಂದೊಂದು ಕೂಸೂ ನನಗ ಗೊತ್ತು." ಕಚೇರಿಯಲ್ಲಿ ಅವನ ಕಾಗದ ನೋಡಿ, ನಿಮ್ಮ ಪೌರತ್ವವೇ ಇನ್ನೂ ತೀರ್ಮಾನವಾಗಿಲ್ಲ, ನಿಮ್ಮ ಸಹಿ ನಡೆಯುವುದಿಲ್ಲ ಎಂದರು. ಮುದುಕ ಪೆನ್ನು ಮೇಜಿನ ಮೇಲಿಟ್ಟ. ಸುಬ್ಬರಾವ್ ಕ್ಯಾಂಪಿನಲ್ಲಿ ರಾಜೇಸಾಬನ ಪಕ್ಕದ ಮನೆಯವನಾಗಿದ್ದ ಯಂಕೋಬ ಮುದಗಲ್ಲಿಗೆ ಬೀಗರ ಮನೆಗೆ ಹೋಗಿದ್ದ. ಅವನು ಬಂದು ಸಹಿ ಹಾಕುವಷ್ಟರಲ್ಲಿ ಎರಡು ದಿನ ಹೋಯಿತು. ಆಮೇಲೆ ತಿದ್ದಿದ ಪ್ರಮಾಣಪತ್ರ ಕೈಗೆ ಬರಲು ಏಳು ದಿನ. ಅದರಲ್ಲಿ ಯಾರದೂ ತಪ್ಪಿಲ್ಲ. ಕಾಗದ ನಡೆಯುವುದೇ ಹಾಗೆ.

ಮೂವತ್ತೆರಡನೆಯ ದಿನ ಅದನ್ನು ಬೆಂಗಳೂರಿಗೆ ಕಳಿಸಿ ಫೋನು ಮಾಡಿದೆವು. ಅವನು ಇಲ್ಲಿಲ್ಲ ಎಂದರು. ಎಲ್ಲಿದ್ದಾನೆ ಎಂದರೆ, ಕಳಿಸಿಯಾಯಿತು ಎಂದರು. ಎಲ್ಲಿಗೆ ಎಂದರೆ, ಅವನ ದೇಶಕ್ಕೆ ಎಂದರು.

ನಾನು ಬಾಯಿ ಮುಚ್ಚಿಕೊಂಡಿದ್ದ ನಾಲ್ಕು ದಿನದಲ್ಲಿ ಎರಡು ದಿನ ಉಳಿದಿದ್ದರೂ ಸಾಕಿತ್ತು. ದಾವಲ್‌ಬೀ ತಿದ್ದಿದ ಪ್ರಮಾಣಪತ್ರವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಮಸ್ಕಿಯ ಬಸ್ಸು ಹತ್ತಿದಳು. ಅದರಲ್ಲಿ ಹುಟ್ಟಿದ ಸ್ಥಳ ಸರಿಯಾಗಿತ್ತು.

ತಿಂಗಳೊಪ್ಪತ್ತಿನ ಮೇಲೆ ನನ್ನ ಮೊಬೈಲಿಗೆ ಹೊರದೇಶದ ನಂಬರಿನಿಂದ ಒಂದು ಫೋಟೋ ಬಂತು. ಬಂಗಾಲಿ ಅಕ್ಷರದ ಕಾಗದ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ನಾನು ಇವನ ಪರವಾಗಿ ನಿಂತಿರುವ ವಕೀಲ, ಇವನ ಜೇಬಿನಲ್ಲಿದ್ದ ಹಳೆಯ ಅಫಿಡವಿಟ್ಟಿನ ಜೆರಾಕ್ಸಿನ ಮೊಹರಿನಲ್ಲಿ ನಿಮ್ಮ ನಂಬರಿತ್ತು. ದಾವಲ್‌ಬೀಗೆ ಹೇಳಿಕಳಿಸಿದೆ. ಗಾಯೇನ್‌ನನ್ನು ಓದಲು ಕರೆದೆ.

ಅವನು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬೆರಳಾಡಿಸಿದ. "ಅಲ್ಲಿಯ ಪೊಲೀಸರದ್ರಿ. ಪಾಸ್‌ಪೋರ್ಟ್ ಇಲ್ಲದ, ಕಾಯ್ದೆ ಮುರಿದು ದೇಶದೊಳಗ ಬಂದಾನ ಅಂತ ಕೇಸು ಹಾಕ್ಯಾರ. ಜೇಲಿನ್ಯಾಗ ಅದಾನ." ಆಮೇಲೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. "ಜಾತೀಯತಾ: ಭಾರತೀಯ."

"ಅಲ್ಲೂ ಜಾತಿ ಕೇಳ್ಯಾರೇನು?" ಎಂದೆ.

"ಜಾತಿ ಅಲ್ರಿ ರಾಯರ. ಅವರ ಮಾತಿನ್ಯಾಗ ಹಂಗಂದ್ರ ದೇಶ. ಯಾವ ದೇಶದವ ಅಂದ್ರ ಇಂಡಿಯಾದವ ಅಂತ ಬರದಾರ."

ಹದಿಮೂರು ದಿನ ನಾವು ಬೇಡಿದ ಆ ಒಂದು ಶಬ್ದವನ್ನು ಯಾರೂ ಬೇಡದೆಯೇ ಆ ದೇಶ ಬರೆದುಕೊಟ್ಟಿತ್ತು, ಅವನನ್ನು ಜೈಲಿಗೆ ಹಾಕಲಿಕ್ಕೆ.

"ಹುಟ್ಟಿದ ಊರು ಏನಂತ ಐತಿ?" ದಾವಲ್‌ಬೀ ಕೇಳಿದಳು.

ಗಾಯೇನ್ ನನ್ನ ಮುಖ ನೋಡಿದ, ಆಮೇಲೆ ಓದಿದ. "ಸುಬ್ಬರಾವ್ ಕ್ಯಾಂಪ್, ಸಿಂಧನೂರು."

ಅವಳು ಮೊಬೈಲ್ ಈಸಿಕೊಂಡು ಆ ಸಾಲನ್ನು, ಓದಲು ಬರುವವಳ ಹಾಗೆ, ಬಹಳ ಹೊತ್ತು ನೋಡಿದಳು.

"ಅವರು ಯಾವ ಕ್ಯಾಂಪ್ ಅಂತ ಕೇಳಿ ಬರದಾರ ನೋಡು," ಎಂದಳು ನನಗೆ. "ಒಂದು ಪ್ರಿಂಟ್ ತಗದು ಕೊಡು. ಲ್ಯಾಮಿನೇಷನ್ ಮಾಡಿಸ್ತೀನಿ."