ಬಡಿತ ಅಂದರೆ

ಆ ಮಂಗಳವಾರ ಬೆಳಿಗ್ಗೆ ರಾಯಚೂರಿನ ನಮ್ಮ ಕಚೇರಿಯಲ್ಲಿ ಸುಮ್ಮನೆ ಕೂರಲಾರದೆ ಹಸಿರು ಪಟ್ಟಿ ತೆರೆದೆ. ಹಸಿರು ಅಂದರೆ ಮುಗಿದ ಪ್ರಕರಣ, ಅದನ್ನು ಯಾರೂ ತೆರೆಯುವುದಿಲ್ಲ. ‘ಮಡಿಲು’ ಎಂಬ ನಮ್ಮ ಆ್ಯಪಿಗೆ ಮನೆಯಲ್ಲಿ ಏಟು ತಿನ್ನುವ ಹೆಂಗಸರು ಮೆಸೇಜ್ ಕಳಿಸುತ್ತಾರೆ. ಮೊದಲು ಯಂತ್ರ ಉತ್ತರಿಸುತ್ತದೆ. ಅಪಾಯವಿದೆ ಎಂದು ಅದಕ್ಕೆ ಅನಿಸಿದರೆ ಕೆಂಪು ಗುರುತು ಹಾಕಿ ನಮ್ಮಂಥ ಆಪ್ತಸಮಾಲೋಚಕರ ಕಡೆ ದಾಟಿಸುತ್ತದೆ. ಇಲ್ಲದಿದ್ದರೆ ಹಸಿರು.

ಮಾನ್ವಿಯ ವಿಜಯಲಕ್ಷ್ಮಿ ಎಂಬಾಕೆ ಮೂರು ವಾರದಲ್ಲಿ ಹದಿನಾರು ಮೆಸೇಜ್ ಕಳಿಸಿದ್ದಳು. ಹದಿನಾರೂ ಹಸಿರು.

ಮೊದಲನೆಯದು ಹೀಗಿತ್ತು: “ಮನಿಯಾಗ ಬಡಿತ ಭಾಳ ಆಗ್ಯಾದ್ರಿ. ತಡಕೊಳ್ಳಾಕ ಆಗವಲ್ದು.”

ಯಂತ್ರದ ಉತ್ತರ: “ಎದೆಬಡಿತ ಹೆಚ್ಚಾಗುವುದು ಆತಂಕದ ಲಕ್ಷಣ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ.”

ಎದೆಬಡಿತವಂತೆ! ಮೈಯೆಲ್ಲ ಉರಿದುಹೋಯಿತು. ನಾನು ದೇವದುರ್ಗದವಳು. ನಮ್ಮಪ್ಪನ ಕೈಯಲ್ಲಿ ಅವ್ವ ತಿಂದದ್ದು ಬಡಿತವೇ. ನಮ್ಮ ಕಡೆ ಆ ಮಾತಿನ ಅರ್ಥ ಕೂಸಿಗೂ ಗೊತ್ತು. ಈ ಯಂತ್ರಕ್ಕೆ ಕನ್ನಡ ಕಲಿಸಿದವರು ಯಾರೋ, ಅವರ ಮನೆಯಲ್ಲಿ ಬಡಿಯುವುದು ಎದೆ ಮಾತ್ರ ಇರಬೇಕು.

“ಗಂಡ ಒಳಗ ಬಂದ ಕೂಡಲೇ ಬಡಿತ ಸುರು ಆಗ್ತದ್ರಿ” ಎಂದು ಅವಳು ಬರೆದರೆ, ಸಂಗಾತಿಯನ್ನು ಕಂಡಾಗ ಬಡಿತ ಹೆಚ್ಚುವುದು ಪ್ರೀತಿಯ ಲಕ್ಷಣವೂ ಆಗಿರಬಹುದು ಎಂದು ಉತ್ತರ ಹೋಗಿತ್ತು. ಮೇಜು ಗುದ್ದಿದೆ. ಪಕ್ಕದವರು ತಿರುಗಿ ನೋಡಿದರು.

ಹದಿನಾರನೆಯದು ನಿನ್ನೆ ಸಂಜೆಯದು. “ನಾಳೆ ಮಂಗಳವಾರ ಹನ್ನೊಂದಕ್ಕ ನೀರಮಾನ್ವಿ ಯಲ್ಲಮ್ಮನ ಗುಡಿಗೆ ಬರತೀನಿ. ಗುಡಿಗೆ ಅಷ್ಟೇ ಒಬ್ಬಾಕಿನ್ನ ಬಿಡತಾರ. ಯಾರಾರ ಬರ್ರಿ. ಬರಲಿಲ್ಲಂದ್ರ ಅಲ್ಲಿಂದ ಚೀಕಲಪರ್ವಿ ಹೊಳಿಗೆ ಹೋಗತೀನಿ.”

ಉತ್ತರ: “ದೇವಸ್ಥಾನ ಮತ್ತು ನದಿತೀರದ ಭೇಟಿ ಮನಸ್ಸಿಗೆ ನೆಮ್ಮದಿ ನೀಡುತ್ತದೆ. ಈ ಸಂಭಾಷಣೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?”

ಗಂಟೆ ಆಗಲೇ ಒಂಬತ್ತೂವರೆ. ಫೋನ್ ಮಾಡುವಂತಿರಲಿಲ್ಲ, ಅದು ಗಂಡನ ಕೈಯಲ್ಲಿದ್ದರೆ ಮುಗಿಯಿತು. ಮೇಲ್ವಿಚಾರಕ ಕೊಟ್ರೇಶನ ಮುಂದೆ ಎಲ್ಲವನ್ನೂ ಹಿಡಿದೆ. ಅವನು ಓದಿ ಚಹಾ ಗುಟುಕರಿಸಿದ.

“ಹಸಿರು ಅದ ಅಲ್ರೀ ಮೌನೇಶ್ವರಿ. ಮುಗಿದ ಕೇಸ್ ಯಾಕ ಕೆದಕತೀರಿ? ನಾವು ಹೊರಗ ಹೋಗೂದು ರೂಲ್ಸ್‌ನ್ಯಾಗ ಇಲ್ಲ.”

“ಸಣ್ಣಾವ್ರಿದ್ದಾಗ ನಿಮ್ಮವ್ವ ನಿಮಗ ಬಡದಿಲ್ಲೇನ್ರಿ ಸರ? ಆಗ ನಿಮ್ಮ ಎದಿ ಬಡೀತಿತ್ತೋ, ಬೆನ್ನು ಉರೀತಿತ್ತೋ?”

“ಬಡಿತ ಅಂದ್ರ ಏನಂತ ನನಗೂ ಗೊತ್ತದ. ಆದ್ರ ಹಸಿರನ್ನ ಕೆಂಪು ಮಾಡಿದ್ರ ಮ್ಯಾಲಿನವ್ರಿಗೆ ನಾ ಏನು ಹೇಳಲಿ?”

ಗೊತ್ತಿದೆಯಂತೆ! ಯಂತ್ರಕ್ಕೆ ಗೊತ್ತಿರಲಿಲ್ಲ, ಅದನ್ನು ಕ್ಷಮಿಸಬಹುದು. ಇವನು ರಾಯಚೂರಿನ ನೀರು ಕುಡಿದು ಬೆಳೆದವನು. ಬ್ಯಾಗು ಎತ್ತಿಕೊಂಡು ಮಾನ್ವಿ ಬಸ್ಸು ಹತ್ತಿದೆ. ದಾರಿಯಲ್ಲೇ ಹೆಂಗಸರ ಆಶ್ರಯಕೇಂದ್ರ ನೋಡಿಕೊಳ್ಳುವ ಅಸ್ಮತ್‌ಗೆ ಫೋನ್ ಮಾಡಿದೆ. “ಕರ್ಕೊಂಡು ಬಾ, ಜಾಗ ಅದ” ಎಂದಳು, ಬೇರೇನೂ ಕೇಳಲಿಲ್ಲ.

ನೀರಮಾನ್ವಿ ಮುಟ್ಟಿದಾಗ ಹನ್ನೊಂದೂಕಾಲು. ಗುಡಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಒಳ್ಳೆಯ ಸೀರೆ, ಕತ್ತು ಮುಚ್ಚುವಂತೆ ಸುತ್ತಿದ ಸೆರಗು, ತೊಡೆಯ ಮೇಲೆ ತೆಂಗಿನಕಾಯಿ.

“ವಿಜಯಲಕ್ಷ್ಮಿ ಅವ್ರೇನ್ರಿ? ನಾ ಮಡಿಲಿನಿಂದ ಬಂದೀನಿ.”

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೆಂಡವಾದಳು.

“ಉಸುರು ಎಳಕೋ ಅಂದಾಕಿ ನೀನೇ ಏನು?”

“ಅದು ಯಂತ್ರ ರೀ...”

“ಯಂತ್ರನೋ ನೀನೋ, ನನಗೇನು ಗೊತ್ತು ಬೇ? ನನ್ನ ಗಂಡ ಫೋನ್ ಕಸಗೊಂಡು ಎಲ್ಲಾ ಓದಿದ. ಇವತ್ತಿಗೆ ಸತ್ತೆ ಅನ್ಕೊಂಡೆ. ಅವ ಬಿದ್ದು ಬಿದ್ದು ನಕ್ಕ. ‘ನಿನ್ನ ಎದಿನೇ ಸರಿ ಇಲ್ಲಂತ ನೋಡು, ಆ್ಯಪ್ ಇಟ್ಕೋ’ ಅಂದ. ಅವತ್ತಿನಿಂದ ಎಣಿಸಿ ಬಡೀತಾನ. ಉಸುರು ಎಳಕೋ ಅಂತಾನ. ಒಂದು, ಎರಡು, ಮೂರು ಅಂತಾನ. ನಾಕಕ್ಕ ಬಡೀತಾನ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳ ಗಂಡನಿಗೆ ಹೊಸ ಆಟ ಕಲಿಸಿಕೊಟ್ಟವರು ನಾವು. “ತಪ್ಪು ನಮ್ಮದೇ ರೀ” ಎಂದೆ. “ರಾಯಚೂರಿಗೆ ಬರ್ತೀರೇನು? ಉಳಕೊಳ್ಳಾಕ ಜಾಗ ಮಾಡೀನಿ. ಪೊಲೀಸರ ಕಡೆ ನಾನೂ ಸಂಗಾಟ ಬರ್ತೀನಿ.”

ಅವಳು ಎದ್ದಳು. ತೆಂಗಿನಕಾಯಿಯನ್ನು ಒಡೆಸದೆ ಹೊಸ್ತಿಲ ಮೇಲಿಟ್ಟು ಬಂದಳು. “ಹೊಳಿಗೆ ಹೊಂಟಾಕಿಗೆ ರಾಯಚೂರಿನ ಹೆದರಿಕಿ ಏನದ? ನಡಿ.”

ಬಸ್ಸಿನಲ್ಲಿ ಕೂತ ಹತ್ತು ನಿಮಿಷಕ್ಕೆ ಕೊಟ್ರೇಶನ ಫೋನ್. ಅವನ ಕೂಗು ಪಕ್ಕದ ಸೀಟಿಗೂ ಕೇಳುತ್ತಿತ್ತು. “ಯಾರನ್ನ ಕೇಳಿ ಹೋದ್ರಿ? ನನ್ನ ನೌಕರಿ ಕಳೀತೀರೇನು?”

ವಿಜಯಲಕ್ಷ್ಮಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

“ಸಿಟ್ಟಾಗಬ್ಯಾಡ್ರಿ ಸರ, ಎದಿಬಡಿತ ಹೆಚ್ಚಾಗ್ತದ. ಉಸುರು ಎಳಕೋರಿ, ನಾ ಎಣಿಸ್ತೀನಿ. ಒಂದು. ಎರಡು.”

ನನಗೆ ನಗು ಬಂತು, ನಕ್ಕೂಬಿಟ್ಟೆ.

“ಮೂರು” ಎಂದಳು. ಮುಂದಿನದು ಅವಳ ಬಾಯಿಂದ ಹೊರಡಲಿಲ್ಲ. ಫೋನ್ ಮಡಿಲಿಗೆ ಬಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ ಎರಡೂ ಕೈಗಳನ್ನು ತಲೆಗೆ ಅಡ್ಡ ಹಿಡಿದಳು. ಬಸ್ಸಿನಲ್ಲಿ ಅವಳ ಮೇಲೆ ಯಾರೂ ಕೈ ಎತ್ತಿರಲಿಲ್ಲ.