ಏರಿನ ತುದಿಯಲ್ಲಿ ನಿಲ್ಲಿಸಿದ ಎಂಜಿನ್

“ಇಷ್ಟು ಎಣ್ಣೆ ಇದ್ದೂ ಇದು ಯಾಕೆ ಒಣಗಿತು?”

ನನ್ನ ಮಾವ ಮೇದಪ್ಪ ಅದನ್ನು ಯಾರನ್ನೂ ಕೇಳಿದ್ದಲ್ಲ. ಪುತ್ತೂರಿನ ತಮ್ಮ ಶೆಡ್ಡಿನಲ್ಲಿ, ಬಾನೆಟ್ ಎತ್ತಿದ ಕಾರಿನ ಮುಂದೆ ಬಗ್ಗಿ ನಿಂತು ಗಟ್ಟಿಯಾಗಿಯೇ ಕೇಳಿದರು. ಬಾಗಿಲ ಹತ್ತಿರ ನಾನು ನಿಂತದ್ದು ಅವರಿಗೆ ತಿಳಿದಿರಲಿಲ್ಲ. ಅವರ ಮಗಳು, ನನ್ನ ಹೆಂಡತಿ ಪ್ರೇಮಾವತಿ, ತೀರಿಹೋಗಿ ಅದು ಐದನೆಯ ದಿನ. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಅದನ್ನು ಹೇಳಲೆಂದೇ ಕೋಡಿಂಬಾಳದಿಂದ ಬಂದಿದ್ದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾವ ಬೆಂಗಳೂರಿನಲ್ಲಿ ವಿಮಾನದ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿದ್ದರು. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿನ ಒಳಗೆ ತುಂಬುವ ಯಂತ್ರವನ್ನು ಅವರು ಅಲ್ಲಿ ಕಂಡದ್ದು. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಸಣ್ಣ ಎಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಊರಿಗೆ ಬಂದು ಹತ್ತು ವರ್ಷ ಆದ ಮೇಲೂ ಅದು ಅವರ ತಲೆಯಿಂದ ಹೋಗಿರಲಿಲ್ಲ.

ಐವತ್ತಾರನೇ ಇಸವಿಯಲ್ಲಿ ಪ್ರೇಮಾವತಿಯನ್ನು ನನಗೆ ಕೊಟ್ಟರು. ನಾನು ಕಡಬ, ಸುಬ್ರಹ್ಮಣ್ಯ, ಪುತ್ತೂರು ಎಂದು ಬಾಡಿಗೆ ಓಡಿಸುತ್ತಿದ್ದ ಹಳೆಯ ಪೆಟ್ರೋಲ್ ಕಾರು ಏಳು ಜನ ಕುಳಿತರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಮದುವೆಯಾದ ಮೇಲೆ ಮಗಳು ಮೊದಲ ಸಲ ತವರಿಗೆ ಬರುವಾಗ ಅರ್ಧ ಏರಿನಲ್ಲಿ ಇಳಿದು ನಡೆದಳಂತೆ ಎಂದು ಯಾರೋ ಹೇಳಿದ್ದನ್ನು ಮಾವನಿಗೆ ತಡೆದುಕೊಳ್ಳಲಾಗಲಿಲ್ಲ. ಕಾರನ್ನು ತರಿಸಿಕೊಂಡು ಮೂರು ತಿಂಗಳು ಶೆಡ್ಡಿನಲ್ಲಿ ಇಟ್ಟುಕೊಂಡರು. ಗುಜರಿಯಿಂದ ತಂದ ಉಕ್ಕನ್ನು ಕಡೆದು, ಅಂಗೈಯಗಲದ ಎರಡು ಚಕ್ರಗಳನ್ನು ಮಾಡಿದರು. ಗಾಳಿಯ ಒತ್ತಡಕ್ಕೆ ಎಂಜಿನ್ ಬಡಿದುಕೊಳ್ಳಬಾರದು ಎಂದು ಅದರ ಮೇಲಿನ ಮುಚ್ಚಳದ ಅಡಿಗೆ ಇನ್ನೊಂದು ತಾಮ್ರದ ತಗಡು ಇಟ್ಟರು. ಚಕ್ರದ ದಂಡಕ್ಕೆ ಎಂಜಿನ್ ಎಣ್ಣೆಯೇ ಹೋಗುವಂತೆ ಒಂದು ಸಪೂರ ಕೊಳವೆ ಎಳೆದರು.

ಕಾರು ಹಿಂದೆ ಕೊಡುವಾಗ ಒಂದೇ ಮಾತು ಹೇಳಿದ್ದು. ಏರು ಹತ್ತಿದ ಕೂಡಲೇ ಎಂಜಿನ್ ನಿಲ್ಲಿಸಬಾರದು. ಚಕ್ರ ಕೆಂಡದ ಹಾಗೆ ಕಾದಿರುತ್ತದೆ. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ, ಒಳಗೆ ಉಳಿದ ಎಣ್ಣೆ ಸುಟ್ಟು ಕರಿಯಾಗಿ ಕೊಳವೆಯ ಬಾಯಿ ಕಟ್ಟುತ್ತದೆ. ಮೆಲ್ಲಗೆ ಓಡಲು ಬಿಟ್ಟು ಇನ್ನೂರು ಎಣಿಸಬೇಕು.

ನನಗೆ ಎಣಿಸಿ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ರಾಗ ಕಟ್ಟಿ ಕಾವ್ಯ ಓದುತ್ತಿದ್ದರು. ಕಂಬಕ್ಕೊರಗಿ ಕೇಳುತ್ತಾ ಬೆಳೆದವನು ನಾನು. ಎಂಟು ಷಟ್ಪದಿ ನಿಧಾನವಾಗಿ ಹೇಳಿಕೊಂಡರೆ ಇನ್ನೂರು ಎಣಿಸಿದಷ್ಟೇ ಹೊತ್ತಾಗುತ್ತದೆ ಎಂದು ಕಂಡುಕೊಂಡೆ. ಕಡಬದಲ್ಲಿ ಜನ ಇಳಿದು ಹೋದ ಮೇಲೂ ನಾನು ಸ್ಟಿಯರಿಂಗ್ ಹಿಡಿದು ತುಟಿ ಆಡಿಸುತ್ತಾ ಕೂರುತ್ತಿದ್ದೆ. ಬಸ್ಸಿನ ಏಜೆಂಟ್ ಬೋಜ ಕಿಟಕಿಗೆ ಬಗ್ಗಿ ಕೀಟಲೆ ಮಾಡುತ್ತಿದ್ದ. “ನಿಮ್ಮ ಕಾರು ತನ್ನ ಹೊಗೆ ತಾನೇ ತಿಂದು ಬದುಕುದಂತೆ. ಇನ್ನು ಅದಕ್ಕೆ ಪುರಾಣವೂ ಬೇಕಾ ಮಾರಾಯ್ರೆ?”

ಮಾವನಿಗೆ ಇದನ್ನು ಹೇಳಿದಾಗ ನಕ್ಕರು. ಹೇಳು, ಬೇರಿಂಗಿಗೂ ಪುಣ್ಯ ಬರಲಿ ಎಂದರು. ಎರಡು ವರ್ಷ ಒಂದು ದಿನವೂ ತಪ್ಪಲಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಬದಲಿಸಿದೆ, ಬಟ್ಟೆ ಕಟ್ಟಿ ಸೋಸಿ ಹೊಯ್ದೆ. ಕಾರು ದಾರಿಯಲ್ಲಿ ಒಮ್ಮೆಯೂ ನಿಂತದ್ದಿಲ್ಲ.

ತೀರಿಹೋದ ದಿನ ಮಧ್ಯಾಹ್ನ ಪ್ರೇಮಾವತಿಗೆ ರಕ್ತ ಹೋಗಲು ಶುರುವಾಯಿತು. ಆಗ ಅವಳಿಗೆ ಎಂಟನೇ ತಿಂಗಳು. ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗಲು ದಿನ ನೋಡಿ ಇಟ್ಟಿತ್ತು. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಕಿ ಅವಳನ್ನು ಮಲಗಿಸಿ ಪುತ್ತೂರಿನ ಆಸ್ಪತ್ರೆಗೆ ಹೊರಟೆ. ಕಡಬ ದಾಟಿದ ಮೇಲಿನ ಉದ್ದದ ಏರನ್ನು ಕಾರು ಒಂದೇ ಉಸಿರಿಗೆ ಹತ್ತಿತು. ಚಕ್ರದ ಸಿಳ್ಳು ಅಷ್ಟು ಜೋರಾಗಿ ನಾನು ಯಾವತ್ತೂ ಕೇಳಿರಲಿಲ್ಲ.

ಏರಿನ ತುದಿಯಲ್ಲಿ ದೈವದ ಕಟ್ಟೆ ಉಂಟು. ಅಲ್ಲಿ ಕಾಣಿಕೆ ಹಾಕದೆ ಯಾವ ಗಾಡಿಯೂ ಹೋಗುವುದಿಲ್ಲ. ನಾನು ಎಂದಿನಂತೆ ಎಂಜಿನ್ ಓಡುತ್ತಿರುವಾಗಲೇ ಇಳಿದು ಕಾಣಿಕೆ ಹಾಕಿ, ಅಲ್ಲೇ ಕೈಮುಗಿದು ಬಂದೆ. ಅವಳು ಹಿಂದಿನಿಂದ ಕರೆದಳು.

“ಒಮ್ಮೆ ನಿಲ್ಲಿಸಿ. ಈ ಸದ್ದಿನಲ್ಲಿ ನಾವು ಹೇಳುದು ದೈವಕ್ಕೆ ಕೇಳ್ಲಿಕ್ಕುಂಟಾ?”

ನಿಲ್ಲಿಸಬಾರದು ಎಂದು ಗೊತ್ತಿತ್ತು. ಅವಳ ಮುಖ ನೋಡಿದೆ. ಮದುವೆಯಾದ ಮೇಲೆ ಅವಳು ನನ್ನ ಹತ್ತಿರ ಏನೂ ಬೇಕೆಂದು ಕೇಳಿದವಳಲ್ಲ. ಕೀಲಿ ತಿರುಗಿಸಿದೆ. ಒಮ್ಮೆಗೇ ಎಲ್ಲ ಸುಮ್ಮನಾಯಿತು. ಅವಳು ಮಲಗಿದಲ್ಲಿಂದಲೇ ಕೈ ಜೋಡಿಸಿ ಏನೋ ಹೇಳಿಕೊಂಡಳು. ನಾನೂ ಹೇಳಿಕೊಂಡೆ. ಕಾದ ಕಬ್ಬಿಣ ಟಿಕ್ ಟಿಕ್ ಎನ್ನುವುದು ಮಾತ್ರ ಕೇಳುತ್ತಿತ್ತು.

ಮತ್ತೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಎಂಜಿನ್ ಹಿಡಿಯಿತು. ಸಿಳ್ಳಿನ ಬದಲು ಅರದಿಂದ ಉಜ್ಜಿದಂಥ ಸದ್ದು. ಎರಡು ಮೈಲು ಹೋಗಿರಬಹುದು. ಬಾನೆಟ್ಟಿನ ಒಳಗೆ ಕಲ್ಲು ಬಿದ್ದ ಹಾಗಾಯಿತು. ದಂಡ ಕಚ್ಚಿಕೊಂಡು, ಗಾಳಿಯ ಚಕ್ರ ಒಡೆದು, ಅದರ ಚೂರುಗಳನ್ನು ಎಂಜಿನ್ ತನ್ನೊಳಗೇ ಎಳೆದುಕೊಂಡಿತ್ತು. ಆಮೇಲೆ ಹ್ಯಾಂಡಲ್ ಅಲ್ಲಾಡಲೇ ಇಲ್ಲ.

ಆ ಹೊತ್ತಿನಲ್ಲಿ ರಸ್ತೆಯಲ್ಲಿ ಒಂದು ಗಾಡಿ ಇಲ್ಲ. ಹತ್ತಿರದ ಮನೆಯ ಜೈನಬಮ್ಮ ಎಂಬ ಮುದುಕಿ ಓಡಿ ಬಂದು ಪ್ರೇಮಾವತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿತಿಳಿ ಕುಡಿಸಲು ನೋಡಿದರು. ನಾನು ಎತ್ತಿನಗಾಡಿ ಹುಡುಕಿಕೊಂಡು ಬರುವಾಗ ಒಂದು ಗಂಟೆಯ ಮೇಲಾಗಿತ್ತು. ಉಪ್ಪಿನಂಗಡಿಯ ಸೇತುವೆ ಕಾಣುವ ಮೊದಲೇ ಅವಳ ಕೈ ತಣ್ಣಗಾಯಿತು. ಹೊಟ್ಟೆಯಲ್ಲಿದ್ದದ್ದೂ ಅವಳೊಂದಿಗೇ ಹೋಯಿತು.

ಮೇದಪ್ಪನ ಹೊಗೆಚಕ್ರ ಮಗಳನ್ನೇ ತಿಂದಿತು ಎಂದು ಊರು ಹೇಳಿತು. ಮಾವ ಎದುರು ಮಾತಾಡಲಿಲ್ಲ. ಕಾರನ್ನು ಕಟ್ಟಿ ಎಳೆಸಿ ತಂದು ಬಿಚ್ಚಲು ಕೂತರು. ಇದೊಂದು ನೋಡಿ ಆದ ಮೇಲೆ ಇನ್ನು ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಅತ್ತೆ ತಿಮ್ಮಕ್ಕನ ಹತ್ತಿರ ಹೇಳಿದ್ದರಂತೆ.

ಈಗ ಅವರು ಆ ಸಪೂರ ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ತುದಿಯಲ್ಲಿ ಕರಿ ಕಟ್ಟಿತ್ತು.

“ನನ್ನ ಲೆಕ್ಕ ತಪ್ಪಿದ್ದು,” ಎಂದರು, ನನ್ನನ್ನು ಕಂಡ ಮೇಲೆ. “ಕೊಳವೆ ಇನ್ನೂ ದಪ್ಪ ಇರ್ಬೇಕಿತ್ತು. ಎರಡು ವರ್ಷ ಓಡಿತಲ್ಲ ಅಂತ ನಾನು ಬೀಗಿದೆ ಅಚ್ಚುತ. ನಾನೇ ಕೊಂದೆ.”

“ನಾನು ನಿಲ್ಲಿಸಿದ್ದು ಮಾವ. ಕಟ್ಟೆಯ ಹತ್ತಿರ. ಏರು ಹತ್ತಿದ ಕೂಡಲೇ.”

ಅವರು ಕೊಳವೆಯನ್ನು ಕೆಳಗಿಡಲಿಲ್ಲ. ಎಷ್ಟು ಹೊತ್ತು ಎಂದು ಕೇಳಿದರು. ಹೇಳಿದೆ. ಪದ್ಯ ಹೇಳಿದೆಯಾ ಎಂದರು. ಇಲ್ಲ ಎಂದೆ. ನಿಮ್ಮ ಯಂತ್ರದಲ್ಲಿ ತಪ್ಪಿಲ್ಲ, ಹೊಡೆಯುವುದಾದರೆ ನನ್ನನ್ನು ಹೊಡೆಯಿರಿ, ಊರವರ ಮುಂದೆ ಬೇಕಾದರೂ ಹೇಳುತ್ತೇನೆ ಎಂದೆ.

ಅವರಿಗೆ ಸಿಟ್ಟು ಬರಲಿ ಎಂದು ಕಾಯುತ್ತಿದ್ದೆ. ಬರಲಿಲ್ಲ. ಅವರು ಬೇರೇನೋ ಯೋಚಿಸತೊಡಗಿದ್ದು ಮುಖದಲ್ಲಿ ಕಂಡಿತು.

“ನೀನು ಸುಮ್ಮನೆ ನಿಲ್ಲಿಸುವವ ಅಲ್ಲ,” ಎಂದರು ಮೆಲ್ಲಗೆ. “ಎರಡು ವರ್ಷ ತಪ್ಪದವ ಆ ದಿನ ಯಾಕೆ ತಪ್ಪಿದ್ದು? ಅವಳು ಎಂತಾದ್ರು ಹೇಳಿದಳಾ?”

ನಿಲ್ಲಿಸಲು ಹೇಳಿದ್ದು ಅವಳೇ ಎಂದರೆ, ಸತ್ತವಳ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತಿತ್ತು.

“ಅಚ್ಚುತ, ನಾನು ಅವಳ ಅಪ್ಪ. ಕಡೆಗೆ ಅವಳ ಬಾಯಿಂದ ಬಂದ ಮಾತು ಎಂತದು, ಅದೊಂದು ನನಗೆ ಹೇಳು. ಮತ್ತೆ ಎಂತದೂ ಕೇಳುದಿಲ್ಲ.”

“ಇಲ್ಲ ಮಾವ,” ಎಂದೆ. “ಅದನ್ನು ನಾನು ಹೇಳುದಿಲ್ಲ.”